ಲಿಫ್ಟಿನ ದಾರ

"ಹರಿದ ದಾರದ ತುಂಡು ಎಲ್ಲಿ ಅಜ್ಜಿ? ಅದನ್ನ ಕೊಡಿ, ಅಳತೆಗೆ ಬೇಕು."

ಸ್ಟೂಲಿನ ಮೇಲೆ ನಿಂತಿದ್ದ ರಿಪೇರಿ ಆಂಟಿ ಕೈ ಚಾಚಿದರು. ಹಾಲಿನ ಕಿಟಕಿಗೆ ಹಾಕಿದ್ದ ಪಟ್ಟಿಪಟ್ಟಿಯ ಬ್ಲೈಂಡ್ಸ್ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ, ತೂಕಡಿಸುವವರ ತಲೆಯ ಹಾಗೆ ವಾಲಿಕೊಂಡಿತ್ತು.

"ತುಂಡಾ? ಗುಡಿಸಿ ಎಸೆದುಬಿಟ್ಟೆನೋ ಏನೋ ಕಣಮ್ಮ," ಅಂದರು ಅಜ್ಜಿ. "ಈಗೀಗ ಕೈಯೂ ನಂದಲ್ಲ, ತಲೆನೂ ನಂದಲ್ಲ."

"ಸಿಕ್ರೆ ಒಳ್ಳೇದಿತ್ತು. ಹಳೆ ತುಂಡು ಎರಡನ್ನೂ ಜೋಡಿಸಿಟ್ಟು, ಅದರಷ್ಟೇ ಉದ್ದ ಹೊಸದನ್ನ ಕತ್ತರಿಸ್ತೀನಿ. ಟೇಪ್ ಹಿಡಿದ್ರೆ ನಾನು ತಪ್ಪಬಹುದು, ಹಳೆ ದಾರ ಸುಳ್ಳು ಹೇಳಲ್ಲ ನೋಡಿ."

ಸೋಫಾದ ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮೊಮ್ಮಗಳು ಮೆಣಸು ಪೆನ್ಸಿಲನ್ನು ಅಲ್ಲೇ ನಿಲ್ಲಿಸಿದಳು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರಲ್ಲ, ಹಾಗೆ. ಮೆಣಸು ಅವಳ ಹೆಸರಲ್ಲ. ಆಳು ಚಿಕ್ಕದು, ಬಾಯಿ ಜೋರು ಅಂತ ಮನೆಯವರು ಇಟ್ಟ ಅಡ್ಡಹೆಸರು. ನಾಲ್ಕು ದಿನದಿಂದ ಆ ಬಾಯಿಗೆ ಬೀಗ ಬಿದ್ದಿತ್ತು.

"ಏನೇ ಮೆಣಸು, ನೀನೇ ಸಪ್ಪಗಾದ್ರೆ ಹೇಗೆ?" ಅಜ್ಜಿ ನಕ್ಕರು. "ಆಂಟಿಗೆ ಒಂದ್ ಗ್ಲಾಸ್ ನೀರು ತಾ. ನಾನೇ ತರ್ತಿದ್ದೆ, ಗಾಜಿನ ಜಗ್ ಎಲ್ಲಿ ಬೀಳಿಸ್ತೀನೋ ಅಂತ ಭಯ."

ಮೆಣಸಿಗೆ ಏಳಲಾಗಲಿಲ್ಲ. ಟಿವಿ ಪಕ್ಕದಲ್ಲಿ ಅವಳ ರಟ್ಟಿನ ಲಿಫ್ಟ್ ಇತ್ತು. ಸೈನ್ಸ್ ಮಿಸ್ ಅದಕ್ಕೆ ಚಿನ್ನದ ಬಣ್ಣದ ಸ್ಟಾರ್ ಅಂಟಿಸಿದ್ದರು. ಎಲ್ಲರಿಗೂ ಕಾಣಲಿ ಅಂತ ಅಲ್ಲಿಟ್ಟವರು ಅಜ್ಜಿಯೇ.

ಭಾನುವಾರ ಆ ಲಿಫ್ಟನ್ನು ಎಷ್ಟು ಸಲ ಎಳೆದರೂ ಹೊಲಿಗೆ ದಾರ ಪಟ್ಟನೆ ತುಂಡಾಗುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಬ್ಲೈಂಡ್ಸಿನ ಎರಡು ದಾರಗಳು ನುಣ್ಣಗೆ, ಗಟ್ಟಿಯಾಗಿ ಇಳಿಬಿದ್ದಿದ್ದವು. ಎರಡು ಯಾಕೆ, ಒಂದು ಸಾಕಲ್ಲ ಅಂದುಕೊಂಡಳು ಮೆಣಸು. ಸ್ಟೂಲ್ ಹತ್ತಿ ಒಂದನ್ನು ಮೇಲೆಯೇ ಕತ್ತರಿಸಿಕೊಂಡಳು. "ಒಳ್ಳೇ ದಾರ, ಎಲ್ಲಿ ಸಿಕ್ತೇ?" ಅಂತ ಅಜ್ಜಿ ಕೇಳಿದಾಗ, "ಸ್ಕೂಲಲ್ಲಿ ಕೊಟ್ರು" ಅಂದಿದ್ದಳು.

ಮರುದಿನ ಮಧ್ಯಾಹ್ನ ಬಿಸಿಲಿಗೆ ಅಡ್ಡವಾಗಿ ಬ್ಲೈಂಡ್ಸ್ ಇಳಿಸೋಣವೆಂದು ಅಜ್ಜಿ ಉಳಿದ ದಾರವನ್ನು ಎಳೆದರು. ಕತ್ತರಿಸಿದ ದಾರದ ಮೋಟು ತುದಿ ಸರ್ರನೆ ಮೇಲಿನ ಪೆಟ್ಟಿಗೆಯೊಳಗೆ ನುಗ್ಗಿ, ಒಂದು ಕಡೆಯ ಪಟ್ಟಿಗಳೆಲ್ಲ ಧಡಧಡನೆ ಬಿದ್ದವು. ಸಂಜೆ ಕೆಲಸದಿಂದ ಬಂದ ಅಮ್ಮ ಬೈಯಲಿಲ್ಲ. "ಅಮ್ಮಾ, ಇನ್ನುಮೇಲೆ ನೀನು ಅದನ್ನ ಮುಟ್ಬೇಡ, ಆಯ್ತಾ?" ಅಂತ ಅಜ್ಜಿಗೆ ಮೆಲ್ಲಗೆ ಹೇಳಿದಳು, ಅಷ್ಟೇ. ಆಮೇಲೆ ಅಜ್ಜಿ ಗಾಜಿನ ಜಗ್ಗನ್ನೂ ಮುಟ್ಟಲಿಲ್ಲ. ಮಧ್ಯಾಹ್ನವಿಡೀ ಮುಖಕ್ಕೆ ಬಿಸಿಲು ಹೊಡೆದರೂ ಕಣ್ಣು ಕಿರಿದು ಮಾಡಿಕೊಂಡು ಕುರ್ಚಿಯಲ್ಲೇ ಕೂತಿರುತ್ತಿದ್ದರು.

"ಇನ್ನೊಂದು ದಾರಾನೂ ಒಳಗಡೆ ಸವೆದು ಪೊರಕೆ ಆಗಿದೆ," ಅಂದರು ಆಂಟಿ. "ಎರಡನ್ನೂ ಬದಲಾಯಿಸಿಬಿಡ್ತೀನಿ."

ಹಾಗಾದರೆ ಅದು ಹೇಗೂ ಹರಿಯುತ್ತಿತ್ತು! ಮೆಣಸಿಗೆ ಅರೆಕ್ಷಣ ಉಸಿರು ಬಂದಂತಾಯಿತು.

ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದು, ಒಂದು ಮೊಣಕಾಲೂರಿ, ಆಮೇಲೆ ಇನ್ನೊಂದನ್ನೂ ಊರಿ, ಸೋಫಾದ ಕೆಳಗೆ ಕೈ ಹಾಕಿದರು. "ಇಲ್ಲೇ ಎಲ್ಲೋ ಬಿದ್ದಿರುತ್ತೆ. ನಾನು ಮಾಡಿದ ಕೆಲಸಕ್ಕೆ ಆಕೆ ಯಾಕೆ ಒದ್ದಾಡ್ಬೇಕು ಪಾಪ." ಅವರ ಕೈ ಧೂಳಿನಲ್ಲಿ ಮೆಣಸಿನ ಪಾದದ ಹತ್ತಿರವೇ ತಡಕಾಡುತ್ತಿತ್ತು.

ಮೆಣಸು ಪಾದಗಳನ್ನು ಮೇಲೆ ಎಳೆದುಕೊಂಡಳು.

"ಅಜ್ಜಿ, ಅಲ್ಲಿಲ್ಲ," ಅಂದಳು.

ಎದ್ದು ಹೋಗಿ ಲಿಫ್ಟಿನ ಗಂಟು ಬಿಚ್ಚಿದಳು. ಪುಟ್ಟ ಪೆಟ್ಟಿಗೆ ಟಕ್ಕೆಂದು ತಳಕ್ಕೆ ಬಿತ್ತು. ದಾರವನ್ನು ಆಂಟಿಯ ಕೈಗಿಟ್ಟು ನೆಲ ನೋಡುತ್ತಾ ನಿಂತಳು.

ಆಂಟಿ ತುದಿಯನ್ನು ನೋಡಿದರು. ಸವೆದು ಹರಿದ ದಾರ ಎಳೆ ಬಿಚ್ಚಿಕೊಂಡಿರುತ್ತದೆ. ಇದು ಚೊಕ್ಕವಾಗಿತ್ತು. ಅವರು ಅದನ್ನು ಇನ್ನೊಂದು ತುಂಡಿಗೆ ತಾಗಿಸಿ, "ಅಳತೆ ಸರಿಯಿದೆ," ಅಂದರು.

"ಕತ್ತರೀಲಿ ಕತ್ತರಿಸಿದೆ ಅಜ್ಜಿ. ಭಾನುವಾರ. ಸ್ಕೂಲಲ್ಲಿ ಕೊಟ್ಟಿದ್ದಲ್ಲ ಅದು."

ಈಗ ಬೈಯುತ್ತಾರೆ. ಬೈದುಬಿಟ್ಟರೆ ಸಾಕು ಅಂತ ಮೆಣಸು ಕಾದಳು. ಅಜ್ಜಿ ನೆಲದ ಮೇಲೆ ಕೂತಲ್ಲೇ ಧೂಳು ಮೆತ್ತಿದ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ನನ್ನ ಕೈ ಮಾಡಿದ್ದಲ್ಲ ಅದು," ಅಂದರು.

ಮೆಣಸಿನ ಕಣ್ಣಲ್ಲಿ ನೀರು ಬಂತು. ಇದನ್ನು ನಾಲ್ಕು ದಿನ ಮೊದಲೇ ಅಜ್ಜಿಗೆ ಹೇಳಬಹುದಿತ್ತು.

"ಅಮ್ಮಂಗೂ ನಾನೇ ಹೇಳ್ತೀನಿ."

"ಹೇಳು. ಈಗ ಕೈ ಕೊಡು, ನನ್ನ ಮೊಣಕಾಲು ಮಾತ್ರ ನಿಜವಾಗ್ಲೂ ಹಳೇದು."

ಹೊಸ ದಾರದ ತುದಿಯನ್ನು ಹಳೆಯದಕ್ಕೆ ಸೇರಿಸಿ ಎಳೆಯುತ್ತಾ ಆಂಟಿ ಒಂದೊಂದೇ ಪಟ್ಟಿಯ ತೂತು ದಾಟಿಸಿದರು. ಕೊನೆಗೆ ಸ್ಟೂಲಿನಿಂದ ಇಳಿದು, "ಎಳೆದು ನೋಡಿ ಅಜ್ಜಿ," ಅಂದರು.

"ಜೋರಾಗಿ ಎಳೀಲಾ?"

"ಜೋತುಬೀಳಿ ಬೇಕಾದ್ರೆ. ಅಂದ ಹಾಗೆ, ಆ ನೀರು ಬರುತ್ತೋ, ಇಲ್ಲ ನಾನೇ ಬಾವಿ ತೋಡಿಕೊಳ್ಳಲೋ?"

ಅಜ್ಜಿ ಎಳೆದರು. ಪಟ್ಟಿಗಳೆಲ್ಲ ಒಟ್ಟಿಗೆ, ಸಮನಾಗಿ ಮೇಲೇರಿದವು. ಅವರು ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಯ ಕಡೆ ನಡೆದರು. ನೀರು ತರಲೆಂದು ಮೆಣಸು ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಒಳಗೆ ಗಾಜಿನ ಜಗ್ ಎತ್ತಿದ ಸದ್ದಾಯಿತು. ಆಮೇಲೆ ಗ್ಲಾಸಿಗೆ ನೀರು ಬಗ್ಗಿಸುವ ಸದ್ದು.