ಕೋಲ್ಡ್ ರೂಮಿನಲ್ಲಿ ಬರಿಗಾಲು

2026ರ ಜನವರಿ 12, ಸೋಮವಾರ, ಬೆಳಿಗ್ಗೆ 11.20. ದಹಿಸರ್‌ನ ಪೊಲೀಸ್ ಠಾಣೆಗೆ ನುಗ್ಗಿ ಬಂದ ಕಾಂತಪ್ಪ ಸುವರ್ಣ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸರ್, ನನ್ನನ್ನು ಬರ್ಬಾದ್ ಮಾಡಿಬಿಟ್ರು. ಮೊದಲು ಎಫ್‌ಐಆರ್ ಹಾಕಿ."

ಗ್ರಾಂಟ್ ರೋಡಿನಿಂದ ದಹಿಸರ್‌ವರೆಗೆ ಹನ್ನೊಂದು 'ನೀಲಾ ಫ್ರೋಜನ್ ಮಾರ್ಟ್'ಗಳ ಮಾಲೀಕ ಈತ. ಪತ್ರೊಡೆ, ಗೋಳಿಬಜೆ, ಪರೋಟಾ, ಸಿಗಡಿ, ಎಲ್ಲವನ್ನೂ ಹೆಪ್ಪುಗಟ್ಟಿಸಿ ಪ್ಯಾಕೆಟ್ಟಿನಲ್ಲಿ ಮಾರುವ ಧಂದೆ. ಅಷ್ಟೂ ಅಂಗಡಿಗಳನ್ನು ಒಂದು ದೊಡ್ಡ ಕಂಪನಿಗೆ ಮಾರುವ ಮಾತು ಮುಗಿದು, ಆ ದಿನ ಬೆಳಿಗ್ಗೆ ಅವರ ಜನ ಗೋದಾಮಿನ ತಪಾಸಣೆಗೆ ಬಂದಿದ್ದರು. ಪ್ಯಾಕೆಟ್ ಬಿಚ್ಚಿದರೆ ಬಿಡಿಬಿಡಿಯಾಗಿರಬೇಕಾದ ಸಿಗಡಿ ಒಂದೇ ಮುದ್ದೆ. ಹತ್ತು ಪರೋಟಾ ಸೇರಿ ಒಂದು ಹಲಗೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಾಲು ಅದು, ನಾಯಿಗೂ ಹಾಕುವಂತಿಲ್ಲ. ಬಂದವರು ಚಹಾ ಕೂಡ ಮುಟ್ಟದೆ ಕಾರು ಹತ್ತಿದರು.

ಇನ್ಸ್‌ಪೆಕ್ಟರ್ ಗುರುಪಾದ ಕಟ್ಟಿಮನಿ ಪೆನ್ನು ತೆಗೆದರು. ಇವರ ತಂದೆ ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರು. ಮಗ ಮುಂಬಯಿಯಲ್ಲೇ ಹುಟ್ಟಿದರೂ ಮನೆಯ ಮಾತು ಬಿಟ್ಟಿಲ್ಲ.

"ಯಾರ ಮ್ಯಾಲ ಸಂಶಯ ಐತಿ?"

"ಪ್ರೀತಮ್. ನನ್ನ ಮ್ಯಾನೇಜರ್. ಗೋದಾಮಿನ ಚಾವಿ ಅವನ ಹತ್ತಿರ ಉಂಟು."

"ಮತ್ತ ಯಾರ ಕಡೆ ಐತಿ?"

"ನನ್ನ ಹತ್ತಿರ. ಅಷ್ಟೇ."

"ಮನ್ಯಾಗ, ಬಳಗದಾಗ ಯಾರರ ವೈರಿ?"

"ಯಾರೂ ಇಲ್ಲ ಸರ್."

ಹಾನಿ ಮತ್ತು ಅತಿಕ್ರಮಣದ ಕಲಂಗಳಡಿ ಪ್ರಕರಣ ದಾಖಲಾಯಿತು. 12.45ಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಗೋದಾಮಿನಲ್ಲಿ ಪಂಚನಾಮೆ ಶುರು. ಬೀಗ ಒಡೆದಿರಲಿಲ್ಲ, ಗೀರು ಕೂಡ ಬಿದ್ದಿರಲಿಲ್ಲ. ತಾಪಮಾನ ದಾಖಲಿಸುವ ಬ್ಯಾಟರಿ ಯಂತ್ರದ ಪ್ರಕಾರ ಶನಿವಾರ ಮಧ್ಯಾಹ್ನ 3.10ಕ್ಕೆ ಕೋಲ್ಡ್ ರೂಮ್ ಆಫ್ ಆಗಿದೆ, ಭಾನುವಾರ ಸಂಜೆ 5.40ಕ್ಕೆ ಮತ್ತೆ ಆನ್. ತಪಾಸಣೆಗೆಂದು ಶನಿವಾರ ಮಧ್ಯಾಹ್ನವೇ ಬೀಗ ಹಾಕಿದ್ದರಿಂದ ಒಳಗೆ ಒಬ್ಬರೂ ಇರಲಿಲ್ಲ. ಮೇನ್ ಸ್ವಿಚ್ಚಿನ ಜೊತೆಗೇ ಕ್ಯಾಮೆರಾ ಬಂದ್. ಅಲಾರಂ? ಅದರ ಸಿಮ್ಮಿಗೆ ಮೂರು ತಿಂಗಳಿಂದ ರೀಚಾರ್ಜೇ ಮಾಡಿಸಿರಲಿಲ್ಲ. ಹನ್ನೊಂದು ಅಂಗಡಿಯ ಯಜಮಾನನ ಜಿಪುಣತನಕ್ಕೆ ಏನನ್ನಬೇಕು!

ಹವಾಲ್ದಾರ್ ಭೀಮರಾಯ ನಡುಗುತ್ತಲೇ ನೆಲಕ್ಕೆ ಟಾರ್ಚ್ ಹಿಡಿದಿದ್ದ. "ಸಾಹೇಬ್ರ, ಇಲ್ಲಿ ನೋಡ್ರಿ."

ಕರಗಿದ ಮಂಜು ನೆಲದಲ್ಲಿ ಕೆಸರಿನಂತೆ ನಿಂತಿದ್ದಾಗ ಯಾರೋ ಅದರ ಮೇಲೆ ಓಡಾಡಿದ್ದಾರೆ. ಆಮೇಲೆ ಯಂತ್ರ ಶುರುವಾಗಿ ಹೆಜ್ಜೆಗಳೂ ಹಾಗೆಯೇ ಗಟ್ಟಿಯಾಗಿವೆ. ಐದೂ ಬೆರಳು ಸ್ಪಷ್ಟ. ಚಪ್ಪಲಿ ಇಲ್ಲ, ಬೂಟು ಇಲ್ಲ. ಅಳತೆ ಇಪ್ಪತ್ತೆರಡು ಸೆಂಟಿಮೀಟರ್.

"ಈ ಥಂಡ್ಯಾಗ ಬರಿಗಾಲಿಲೆ ಬರೋವಷ್ಟು ಹುಚ್ಚು ಯಾರಿಗೈತ್ರಿ?" ಎಂದ ಭೀಮರಾಯ. ಹೆಜ್ಜೆಗಳ ಫೋಟೊ ತೆಗೆಸಿ, ಪಂಚರ ಸಹಿ ಪಡೆದರು.

ಮಧ್ಯಾಹ್ನ 3ಕ್ಕೆ ಪ್ರೀತಮ್‌ನ ವಿಚಾರಣೆ. ಎರಡು ದಿನವೂ ಅವನು ವಿರಾರ್‌ನಲ್ಲಿ ತಂಗಿಯ ನಿಶ್ಚಿತಾರ್ಥದಲ್ಲಿದ್ದ. ಸಾಕ್ಷಿಗೆ ವಿಡಿಯೊ, ಕಂಡವರು ಇನ್ನೂರು ಜನ. ಅವನ ಗಮ್‌ಬೂಟಿನ ನಂಬರು ಹತ್ತು. ಆ ಪಾದದ ಮುಂದೆ ಈ ಹೆಜ್ಜೆ ಮಗುವಿನದು.

"ಕೋಲ್ಡ್ ರೂಮಿಗೆ ಬರಿಗಾಲಿಲೆ ಯಾರು ಬರ್ತಾರ?"

"ಈಗ ಯಾರೂ ಇಲ್ಲ ಸರ್. ಎಲ್ಲರಿಗೂ ಬೂಟು."

"ಮೊದಲು?"

ಪ್ರೀತಮ್‌ನ ಕಣ್ಣು ತುಂಬಿತು. "ನೀಲಕ್ಕ ಇರುವಾಗ ಎಲ್ಲರೂ ಬರಿಗಾಲೇ. ಅನ್ನ ಇರುವ ಕೋಣೆ, ಚಪ್ಪಲಿ ಹೊರಗೆ ಬಿಡಿ ಅಂತ ಬೈಯುತ್ತಿದ್ದರು. ಕಾಲು ಮರಗಟ್ಟಿದರೂ ಅವರು ಬಿಡ್ತಿರಲಿಲ್ಲ."

"ಯಾರು ನೀಲಕ್ಕ?"

"ನೀಲಾವತಿ. ಕಾಂತಪ್ಪ ಶೇಟ್‌ರ ಅಕ್ಕ. ಅಂಗಡಿ ಶುರು ಮಾಡಿದ್ದೇ ಅವರು ಸರ್. ಮೂರು ವರ್ಷದ ಹಿಂದೆ ಶೇಟ್ ಅವರನ್ನು ಹೊರಗೆ ಹಾಕಿದರು."

"ಹೊರಗ ಹಾಕಿದ ಮ್ಯಾಲ ಬೀಗ ಬದಲಿ ಮಾಡಲಿಲ್ಲೇನು?"

"ಗೋದಾಮಿಗೆ ಹಾಕಿದ್ದು ನೀಲಕ್ಕ ಮೊದಲ ಅಂಗಡಿಗೆ ತಂದ ಬೀಗ. ಅದು ಬಂದ ಮೇಲೆಯೇ ಧಂದೆ ಏರಿದ್ದು, ಬದಲಿಸಿದರೆ ಲಕ್ಷ್ಮಿ ಹೋಗ್ತಾಳೆ ಅಂತ ಶೇಟ್ ಮುಟ್ಟಲಿಕ್ಕೆ ಬಿಡಲಿಲ್ಲ."

ಅಕ್ಕನನ್ನು ಓಡಿಸಿ ಅಕ್ಕನ ಬೀಗ ಇಟ್ಟುಕೊಂಡ ಭೂಪ! ಗುರುಪಾದ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಸಾಂತಾಕ್ರೂಜ್‌ನಲ್ಲಿ ನೀಲಾವತಿ ಇದ್ದ ಚಾಳಿಗೆ ತಲುಪುವಷ್ಟರಲ್ಲಿ ಸಂಜೆ 6.50. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಮಫ್ತಿಯಲ್ಲಿ ಒಬ್ಬರನ್ನು ನಿಲ್ಲಿಸಿ ವಾಪಸಾದರು. ಮಂಗಳವಾರ ಬೆಳಿಗ್ಗೆ 7.30ಕ್ಕೆ ಮಹಿಳಾ ಕಾನ್ಸ್‌ಟೇಬಲ್ ನಿಶಾಳೊಂದಿಗೆ ಬಾಗಿಲು ತಟ್ಟಿದಾಗ, ಐವತ್ತೆಂಟರ ನೀಲಾವತಿ ಸ್ನಾನ ಮುಗಿಸಿ, ಬಟ್ಟೆಯ ಚೀಲ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಹಳೆಯ ಚಾವಿ ಮೇಜಿನ ಮೇಲೆಯೇ ಇತ್ತು.

"ನಿನ್ನೆಯೇ ಬರ್ತೀರಿ ಅಂತ ಮಾಡಿದ್ದೆ ಮಾರಾಯ್ರೆ."

"ಆ ಮಾಲು ಜನ ತಿಂದಿದ್ರ?"

"ಸೋಮವಾರದ ತಪಾಸಣೆ ಮುಗಿಯುವವರೆಗೆ ಒಂದು ಪೆಟ್ಟಿಗೆಯೂ ಹೊರಗೆ ಹೋಗಬಾರದು ಅಂತ ತಮ್ಮನೇ ಗೋದಾಮಿನ ಬಾಗಿಲಿಗೆ ನೋಟಿಸ್ ಹಚ್ಚಿದ್ದ. ಓದಿಯೇ ಕೈ ಹಾಕಿದ್ದು ನಾನು."

"ಯಾಕ ಮಾಡಿದ್ರಿ?"

ಆಕೆಯ ದನಿ ಏರಲಿಲ್ಲ. ಗಂಡ ಸತ್ತ ವರ್ಷ ಪತ್ರೊಡೆ ಕಟ್ಟಿ ಗ್ರಾಂಟ್ ರೋಡಿನ ಹೋಟೆಲುಗಳಿಗೆ ಹೊತ್ತವರು ಆಕೆ. ಲೈಸೆನ್ಸಿಗೆ ಹೆಂಗಸಿನ ಹೆಸರಿದ್ದರೆ ಆಫೀಸಿನವರು ಅಲೆದಾಡಿಸುತ್ತಾರೆ ಎಂದು ತಮ್ಮ ಹೇಳಿದ, ಆಕೆ ನಂಬಿದರು. ಬೋರ್ಡಿನ ಮೇಲೆ ಅಕ್ಕ, ಕಾಗದದ ಮೇಲೆ ತಮ್ಮ. ಹೊರಹಾಕಿದಾಗಲೂ ಸಹಿಸಿಕೊಂಡು ರೈಲ್ವೆ ಸ್ಟೇಷನ್ ಹೊರಗೆ 'ನೀಲಾ ಪತ್ರೊಡೆ' ಎಂದು ಸಣ್ಣ ಗಾಡಿ ಇಟ್ಟರು. ನವೆಂಬರಿನಲ್ಲಿ ವಕೀಲರ ನೋಟಿಸ್ ಬಂತು: ನೀಲಾ ಎಂಬ ಹೆಸರನ್ನು ಕಂಪನಿಗೆ ಮಾರಲಾಗುತ್ತಿದೆ, ಬೇರೆ ಯಾರೂ ಬಳಸುವಂತಿಲ್ಲ. ವಾರ ಕಳೆಯುವಷ್ಟರಲ್ಲಿ ತಮ್ಮನ ಜನ ಬಂದು ಬೋರ್ಡು ಕಿತ್ತೊಯ್ದರು.

"ಅಂಗಡಿ ತಿಂದ, ಸುಮ್ಮನಿದ್ದೆ. ಅಪ್ಪ ಇಟ್ಟ ಹೆಸರನ್ನೂ ಮಾರಲಿಕ್ಕೆ ಹೊರಟ. ಹೊಟ್ಟೆ ಉರಿಯಿತು ಸಾಹೇಬ್ರೆ. ಕೊಳ್ಳಲಿಕ್ಕೆ ಬಂದವರ ಎದುರೇ ಅವನ ಮುಖಕ್ಕೆ ಮಸಿ ಬೀಳಬೇಕಿತ್ತು. ಅದಕ್ಕೇ ಕರಗಿಸಿದವಳು ಮತ್ತೆ ಗಟ್ಟಿ ಮಾಡಿಸಿದೆ, ಮೊದಲೇ ಗೊತ್ತಾಗದ ಹಾಗೆ."

9.15ಕ್ಕೆ ಠಾಣೆಯಲ್ಲಿ ಬಂಧನದ ಕಾಗದ ತುಂಬಿದರು. ಪಾದದ ಅಳತೆ ತಾಳೆಯಾಯಿತು. ಕೊನೆಗೊಂದು ಕಾಲಂ ಉಳಿದಿತ್ತು.

"ನಿಮ್ಮನ್ನ ಹಿಡಿದಿದ್ದು ಯಾರಿಗೆ ತಿಳಿಸಬೇಕು? ಸಂಬಂಧಿಕರ ಪೈಕಿ ಒಬ್ಬರು. ಅದು ನಿಮ್ಮ ಹಕ್ಕು."

"ಕಾಂತಪ್ಪ ಸುವರ್ಣ. ತಮ್ಮ," ಎಂದು ತಟ್ಟನೆ ಹೇಳಿದರು ನೀಲಾವತಿ. "ನನ್ನ ಎದುರೇ ಫೋನ್ ಮಾಡಿ."

ಗುರುಪಾದ ಸ್ಪೀಕರ್ ಹಾಕಿ ಫೋನ್ ಮಾಡಿದರು. "ನಿಮ್ಮ ಅಕ್ಕ ನೀಲಾವತಿ ಅವರನ್ನ ಅರೆಸ್ಟ್ ಮಾಡೀವಿ. ಸಂಬಂಧಿಕರಿಗೆ ತಿಳಿಸೋದು ಕಾಯ್ದೆ ಐತಿ."

ಆ ಕಡೆಯಿಂದ ಕಾಂತಪ್ಪನ ದನಿ ಬಂತು. "ಅಕ್ಕನಾ? ಹೌದಾ ಸರ್? ಅವಳು ಅಂತ ನನಗೆ ಹೊಳೆಯಲೇ ಇಲ್ಲ. ಅವಳೊಬ್ಬಳು ಇದ್ದಾಳೆ ಅನ್ನುವುದೇ ಮರೆತುಹೋಗಿತ್ತು."

ನಿಶಾ ತಲೆ ತಗ್ಗಿಸಿದಳು. ನೀಲಾವತಿ ಫೋನಿನತ್ತ ಬಾಗಿದರು.

"ಇನ್ನು ಮರೆಯಲಿಕ್ಕಿಲ್ಲ, ಕಾಂತು," ಎಂದು ಪೆನ್ನಿಗೆ ಕೈ ಚಾಚಿ, ತೋರಿಸಿದ ಜಾಗದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.