ಗುಡ್ಡದ ದಾರಿಗೆ ಮಾತ್ರ ಕೆಡುತ್ತಿದ್ದ ಕಾರು

"ಕಾರು ಕೆಟ್ಟಿಲ್ಲ ಮೀಟರಕ್ಕ, ಕೆಡಿಸಿದಾರೆ. ಯಾರು ಅಂತಾನೂ ನಂಗೊತ್ತು!"

ಶೆಡ್ಡಿನ ಬಾಗಿಲಲ್ಲಿ ನಿಂತು ಹೀಗೆಂದವಳು ಹೆರಿಗೆ ಆಸ್ಪತ್ರೆಯ ನರ್ಸ್. ಅವಳ ತೋಳಿನ ಮೇಲಿನ ರಕ್ತದ ಕಲೆ ಇನ್ನೂ ಒಣಗಿರಲಿಲ್ಲ. ಮೀಟರಕ್ಕನ ತಂಗಿ ಕೈಯಲ್ಲಿದ್ದ, ಕರೆಂಟು ಅಳೆಯುವ ಮಲ್ಟಿಮೀಟರ್ ಕೆಳಗಿಟ್ಟು ಸ್ಟೂಲು ಎಳೆದಳು.

ಅಕ್ಕ ಹಿಂದೆ ವಿಮಾ ಕಂಪನಿಯ ಪರವಾಗಿ ಸುಟ್ಟ, ಜಜ್ಜಿಹೋದ ವಾಹನಗಳನ್ನು ಬಗೆದು ನೋಡಿ, ಮಾಲೀಕರ ಮಾತಿನಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಹೇಳುತ್ತಿದ್ದವಳು. ಕೆಲಸ ಬಿಟ್ಟ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಕಾರಿನ ಕರೆಂಟು ಕೆಲಸ ಕಲಿಸತೊಡಗಿದ್ದಳು. ಇಡೀ ಬೀದಿಗೆ ಅವಳು ಮೀಟರಕ್ಕ. ಅವಳ ಮೊದಲ ಶಿಷ್ಯೆಯೂ ದಡ್ಡ ಶಿಷ್ಯೆಯೂ ಸ್ವಂತ ತಂಗಿಯೇ. ವೋಲ್ಟು, ಆಂಪಿಯರು ಎಂದರೆ ತಂಗಿಗೆ ಇನ್ನೂ ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರಿದ್ದ ಹಾಗೆ. ಹೆಸರು ಕೇಳಿ ಗೊತ್ತು, ಮುಖದ ಗುರುತಿಲ್ಲ.

"ಮೊದಲಿಂದ ಹೇಳು," ಎಂದಳು ಅಕ್ಕ.

ನರ್ಸ್ ಹೇಳಿದಳು. ಗುಡ್ಡದ ಮೇಲಿನ ಊರಿಗೆ ಹೆರಿಗೆಗೆಂದು ಹೊರಟಾಗಲೆಲ್ಲ ಕಾರು ಕೈಕೊಡುತ್ತಿತ್ತು. ಹೋಗಬೇಕೆಂದು ಹಿಂದಿನ ರಾತ್ರಿಯೇ ಊಟದ ಹೊತ್ತಲ್ಲಿ ಮನೆಯವರಿಗೆ ಹೇಳಿರುತ್ತಿದ್ದಳು. ಪೇಟೆಗೋ ಆಸ್ಪತ್ರೆಗೋ ಹೊರಟರೆ ಮಾತ್ರ ಹೂವೆತ್ತಿದ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಮೆಕ್ಯಾನಿಕ್ ಬಂದು ನೋಡಿದರೆ ದೋಷವೇ ಸಿಗುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಅದೇ ಕತೆ. ಪಕ್ಕದ ಮನೆಯ ಹಾಲಿನ ವ್ಯಾನಿನವನು ತನ್ನ ಬ್ಯಾಟರಿಯಿಂದ ವೈರು ಎಳೆದು ಕೊಟ್ಟರೂ ಇಂಜಿನ್ ಅಲುಗಲಿಲ್ಲ.

"ಅಷ್ಟರಲ್ಲಿ ಮೇಲಿಂದ ಫೋನು, ಮಗು ಅಡ್ಡ ಬಿದ್ದಿದೆ ಅಂತ. ವ್ಯಾನಿನವನಿಗೆ, ನಿನ್ನ ಸ್ಕೂಟರ್ ಕೊಡು, ಅದರಲ್ಲೇ ಹೋಗ್ತೀನಿ ಅಂದೆ. ಪಾಪ, ನಮ್ಮತ್ತೆಗೆ ಜೀವ ಬಾಯಿಗೆ ಬಂತು. ಜಗಲಿಯಿಂದ ಓಡಿ ಬಂದು, 'ಆ ಕಪ್ಪು ಕ್ಲಿಪ್ ಬ್ಯಾಟರಿಯಿಂದ ತೆಗೆದು ಇಂಜಿನ್ನಿಗೇ ಕಚ್ಚಿಸಪ್ಪಾ' ಅಂದ್ರು. ಹಾಗೆ ಮಾಡಿದ್ದೇ ತಡ, ಸ್ಟಾರ್ಟ್ ಆಯ್ತು."

"ಮಗು?"

"ನೀಲಿಗಟ್ಟಿತ್ತು. ಕೂದಲೆಳೆಯಲ್ಲಿ ಉಳೀತು. ಇನ್ನೊಂದು ಸಲ ತಡವಾದ್ರೆ ಈ ಕೆಲಸ ನಿಂಗೆ ಬೇಡ ಅಂದಿದಾರೆ ಡಾಕ್ಟರು." ಅವಳು ತೋಳಿನ ಕಲೆ ಉಜ್ಜಿಕೊಂಡಳು. "ಗುಡ್ಡದ ಮೇಲೆ ಇಂಜಿನ್ ಆರಿಸದೇ ನಿಲ್ಲಿಸಿದ್ದೆ. ಅಲ್ಲಿಂದ ನೇರ ಇಲ್ಲಿಗೇ ಬಂದೆ. ಇದು ನನ್ನ ಮೈದುನನದೇ ಕೆಲಸ. ರೇಡಿಯೋ ರಿಪೇರಿ ಅಂಗಡಿ ಇಟ್ಟಿದಾನೆ, ಕಾರಿನ ಮೇಲೆ ಮೊದಲಿಂದ ಕಣ್ಣು."

ಅಕ್ಕ ಇಂಜಿನ್ ಆರಿಸಿ, ಮತ್ತೆ ಕೀಲಿ ತಿರುಗಿಸಿದಳು. ದೀಪ ಉರಿಯಿತು, ಟಿಕ್ ಎಂದಿತು, ಅಷ್ಟೇ.

"ಬ್ಯಾಟರಿಗೆ ಮೀಟರ್ ಹಿಡಿ," ಎಂದಳು ತಂಗಿಗೆ. "ಎಷ್ಟು?"

"ಹನ್ನೆರಡೂವರೆ. ಕೀಲಿ ತಿರುಗಿಸಿದ್ರೂ ಇಳೀತಾ ಇಲ್ಲ."

"ಸೊರಗಿದ ಬ್ಯಾಟರಿ ಆಗಿದ್ರೆ ಭಾರ ಬಿದ್ದ ಕೂಡಲೇ ಕುಸೀಬೇಕಿತ್ತು. ಇದಕ್ಕೆ ಭಾರವೇ ಬಿದ್ದಿಲ್ಲ. ಈಗ ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಮೈಗೆ. ಇವೆರಡರ ನಡುವೆ ದಪ್ಪ ಕೇಬಲ್ ಇದೆ, ಅಂದ್ರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು."

ಅಕ್ಕ ಕೀಲಿ ತಿರುಗಿಸಿದಳು. ತಂಗಿ ಕಣ್ಣುಜ್ಜಿ ಮತ್ತೊಮ್ಮೆ ನೋಡಿದಳು. "ಹನ್ನೊಂದು ತೋರಿಸ್ತಿದೆಯಲ್ಲಕ್ಕ!"

"ಕರೆಂಟು ಹೋದ ದಾರಿಯಲ್ಲೇ ಮನೆಗೆ ವಾಪಸ್ ಬರೋ ಹಾಗಿಲ್ಲ, ಅದಕ್ಕೊಂದು ಬೇರೆ ದಾರಿ ಬೇಕು. ಆ ದಾರಿಗೆ ಯಾರೋ ಬೇಲಿ ಹಾಕಿದಾರೆ."

ಕಪ್ಪು ಕೇಬಲ್ಲು ಇಂಜಿನ್ನಿಗೆ ಸೇರುವ ಬೋಲ್ಟನ್ನು ತಂಗಿ ಬಿಚ್ಚಿದಳು. ಕೇಬಲ್ಲಿನ ತುದಿಯ ಲೋಹದ ಬಳೆಯ ಮೇಲೊಂದು, ಕೆಳಗೊಂದು ನೀಲಿ ಪ್ಲಾಸ್ಟಿಕ್ಕಿನ ತೆಳು ಬಿಲ್ಲೆ. ಬೋಲ್ಟಿನ ಮೈಗೂ ಅದೇ ಪ್ಲಾಸ್ಟಿಕ್ಕಿನ ಪಟ್ಟಿ ಸುತ್ತಿತ್ತು. ಆಗಿಂದ ತಂಗಿಗೆ ನರ್ಸಿನ ಮನೆಯವರೆಲ್ಲ ಕಳ್ಳರಂತೆಯೇ ಕಂಡರು. ನರ್ಸನ್ನೂ ಒಮ್ಮೆ ಓರೆಗಣ್ಣಿನಿಂದ ನೋಡಿದಳು.

ಸಂಜೆ ಬಿಲ್ಲೆ ತೆಗೆದು ಬೋಲ್ಟು ಬಿಗಿದು, ಮೂವರೂ ಅದೇ ಕಾರಿನಲ್ಲಿ ನರ್ಸಿನ ಮನೆಗೆ ಹೋದರು. ಸಿಕ್ಕಿದ ಬಿಲ್ಲೆಯ ಸುದ್ದಿ ಯಾರೂ ಎತ್ತಬಾರದೆಂದು ಅಕ್ಕ ಮೊದಲೇ ತಾಕೀತು ಮಾಡಿದ್ದಳು.

ಗಂಡ ಆಗತಾನೇ ಎದ್ದು ಕೂತಿದ್ದ. "ಈ ವಾರ ಪೂರ್ತಿ ಗಿರಣಿಯಲ್ಲಿ ರಾತ್ರಿ ಪಾಳಿ. ಬೆಳಗಾಗಿ ನಾನು ಬರೋ ಹೊತ್ತಿಗೆ ಇವಳು ಹೊರಟಾಗಿತ್ತು," ಎಂದು ಆಕಳಿಸಿದ. ಆಮೇಲೆ ದನಿ ತಗ್ಗಿಸಿ, "ಆ ಗುಡ್ಡದ ರಸ್ತೆ ನಮ್ಮಪ್ಪನ್ನ ಜೀಪಿನ ಸಮೇತ ನುಂಗಿದೆ. ನಂಗೂ ಇವಳು ಅಲ್ಲಿಗೆ ಹೋಗೋದು ಇಷ್ಟ ಇಲ್ಲ," ಎಂದ.

ಮೈದುನ ನರ್ಸಿನ ಮುಖ ನೋಡದೆ ಗೋಡೆಗೆ ಮಾತಾಡಿದ. "ಹಿಂದಿನ ಸಲ ಕಾರು ಕೆಟ್ಟಾಗ ನಾನು ಸಾಮಾನು ತರೋಕೆ ಪರವೂರಿಗೆ ಹೋಗಿದ್ದೆ. ಆದ್ರೂ ಎಲ್ಲ ನನ್ನ ತಲೆಗೇ. ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಾಯ್ತು."

ಅತ್ತೆ ಸೊಸೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ವೈರಿಗೆ ನಡುವೆ ಜೋಡಣೆ ಬಿದ್ದಿತ್ತು. ಎಳೆ ಎಳೆ ಹೆಣೆದು, ಒಪ್ಪವಾಗಿ ಟೇಪು ಸುತ್ತಿದ ಕೈಚಳಕ.

"ನಿಮ್ಮ ಕಿರಿಮಗನ ಕೆಲಸಾನಾ?" ಎಂದು ಅಕ್ಕ ಕೇಳಿದಳು.

"ಅವನು ಎಲ್ಲಿ ಮಾಡ್ತಾನೆ? ಊರವರ ರೇಡಿಯೋಗೆ ಪುರುಸೊತ್ತು, ಮನೆ ಇಸ್ತ್ರಿಪೆಟ್ಟಿಗೆಗಿಲ್ಲ," ಎಂದು ಅತ್ತೆ ನಕ್ಕರು. "ನಾನೇ ಸುತ್ತಿದ್ದು ಕಣಮ್ಮ. ಮದುವೆಗೆ ಮುಂಚೆ ಫ್ಯಾನ್ ಕಾರ್ಖಾನೆಯಲ್ಲಿದ್ದೆ."

ತಂಗಿ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಸಾಲಾಗಿ ನೀಲಿ ಮುಚ್ಚಳದ ಡಬ್ಬಿಗಳಿದ್ದವು. ಉಪ್ಪಿನ ಡಬ್ಬಿಯ ಮೇಲೆ ಮಾತ್ರ ಮುಚ್ಚಳದ ಬದಲು ಒಂದು ತಟ್ಟೆ ಕವುಚಿತ್ತು. ಅವಳು ಹೊರಬಂದು ಅಕ್ಕನ ಕಿವಿಯಲ್ಲಿ ಅಷ್ಟನ್ನು ಉಸುರಿದಳು. ಅಕ್ಕ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಬಿಲ್ಲೆಗಳನ್ನು ಮೇಜಿನ ಮೇಲಿಟ್ಟಳು.

"ಇವು ಕರೆಂಟಿನ ದಾರಿಗೆ ಅಡ್ಡ ಕೂತಿದ್ವು. ಹೆಡ್‌ಲೈಟಿಗೆ ಬೇರೆ ಸಣ್ಣ ವೈರಿದೆ, ಅದಕ್ಕೇ ದೀಪ ಉರೀತಿತ್ತು, ಇಂಜಿನ್ ತಿರುಗ್ತಿರಲಿಲ್ಲ. ಹೊರಡದ ಕಾರು ಮನೆಯಲ್ಲೇ ನಿಂತಿರ್ತಿತ್ತು, ಮೆಕ್ಯಾನಿಕ್ ಬರೋದ್ರೊಳಗೆ ಬಿಲ್ಲೆ ಮಾಯ, ಹಾಗಾಗಿ ಅವನಿಗೆ ಏನೂ ಸಿಗ್ತಿರಲಿಲ್ಲ. ಇವತ್ತು ಕಾರು ಗುಡ್ಡದಿಂದ ನೇರ ನಮ್ಮ ಶೆಡ್ಡಿಗೆ ಬಂತು, ಬಿಲ್ಲೆ ಉಳೀತು."

"ನೋಡಿದ್ರಾ? ರೇಡಿಯೋ ಬಿಚ್ಚೋನಿಗಲ್ಲದೆ ಇನ್ಯಾರಿಗೆ ಬರುತ್ತೆ ಈ ವಿದ್ಯೆ?" ಎಂದು ನರ್ಸ್ ಸಿಡಿದಳು.

"ನಿನ್ನ ಮೈದುನ ಹಿಂದಿನ ಸಲ ಊರಲ್ಲೇ ಇರಲಿಲ್ಲ. ನಿನ್ನ ಗಂಡ ಈ ಸಲ ಗಿರಣಿಯಲ್ಲಿದ್ದ. ಮಾರನೆ ದಿನ ಗುಡ್ಡಕ್ಕೆ ಹೋಗಬೇಕು ಅಂತ ನೀನು ಊಟದ ಹೊತ್ತಲ್ಲಿ ಹೇಳೋದು. ಎರಡು ಸಲವೂ ಅದನ್ನ ಕೇಳಿ ಮನೆಯಲ್ಲೇ ಉಳಿದವರು ಒಬ್ಬರೇ. ಬಿಲ್ಲೆ ಕತ್ತರಿಸಿದ್ದು ಉಪ್ಪಿನ ಡಬ್ಬಿಯ ಮುಚ್ಚಳದಿಂದ. ಆದ್ರೆ ನಂಗೆ ಮೊದಲು ಅನುಮಾನ ಬಂದಿದ್ದು ಆ ಕಪ್ಪು ಕ್ಲಿಪ್ಪಿಂದ. ಇಂಜಿನ್ನಿಗೆ ಕ್ಲಿಪ್ ಹಾಕಬೇಕು ಅನ್ನೋದು ತಿಳಿದವರು ಹೇಳೋ ಮಾತೇ, ಸರಿ. ಆದ್ರೆ ಇವತ್ತು ದೋಷ ಇದ್ದಿದ್ದು ಬ್ಯಾಟರಿಯಿಂದ ಇಂಜಿನ್ನಿಗೆ ಹೋಗೋ ಕೇಬಲ್ಲಿನಲ್ಲೇ, ಕ್ಲಿಪ್ಪು ಅದನ್ನ ಬಿಟ್ಟು ಕರೆಂಟಿಗೆ ಬೇರೆ ದಾರಿ ಕೊಡ್ತು. ಎಲ್ಲರೂ ಬ್ಯಾಟರಿ ಬ್ಯಾಟರಿ ಅಂತಿದ್ದಾಗ, ಕೀಲಿ ಯಾವುದು ಅಂತ ಬೀಗ ಹಾಕಿದವರಿಗೇ ಗೊತ್ತಿತ್ತು."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಕೂತಲ್ಲೇ ಕುಗ್ಗಿದರು.

"ಅಮ್ಮಾ?" ಎಂದ ಗಂಡ.

"ನಿಮ್ಮಪ್ಪನ್ನ ಆ ಗುಡ್ಡಕ್ಕೆ ಕಳಿಸಿದ್ದೂ ಇಂಥ ಒಂದು ಬೆಳಿಗ್ಗೆನೇ," ಎಂದರು ಅತ್ತೆ. "ಹೋಗ್ಬೇಡ ಅಂದ್ರೆ ಇವಳು ಕೇಳ್ತಿರಲಿಲ್ಲ. ಕಾರು ಹೊರಡದಿದ್ರೆ ಆಸ್ಪತ್ರೆಯವರು ಬೇರೆ ಯಾರನ್ನಾದ್ರೂ ಕಳಿಸ್ತಾರೆ ಅಂದ್ಕೊಂಡೆ. ಸ್ಕೂಟರಲ್ಲಿ ಹೋಗ್ತೀನಿ ಅಂದಾಗ... ಅದಕ್ಕಿಂತ ಕಾರೇ ವಾಸಿ ಅನ್ನಿಸ್ತು. ನನ್ನ ಮಗಳಿದ್ದ ಹಾಗೆ ನೀನು."

ಅತ್ತೆ ಕೈ ಚಾಚಿದರು; ನರ್ಸ್ ಹಿಡಿಯಲಿಲ್ಲ.

"ಇವತ್ತು ಆ ಊರಿನ ತಿರುವಿನಲ್ಲಿ ಒಬ್ಬ ಮುದುಕಿ ನನ್ನ ದಾರಿ ಕಾಯ್ತಾ ನಿಂತಿದ್ಲು, ಅತ್ತೆ. ಚಪ್ಪಲಿನೂ ಇಲ್ಲ ಕಾಲಲ್ಲಿ. ಹೆರ್ತಾ ಇದ್ದವಳ ಅತ್ತೆ ಅವಳು. ಅವಳ ಸೊಸೆನೂ ಮಗಳಿದ್ದ ಹಾಗೇ."

ಅತ್ತೆ ಮುಖ ಮುಚ್ಚಿಕೊಂಡರು. ಅನುಮಾನದ ಬೆನ್ನು ಹತ್ತಿ ಬಂದಿದ್ದ ತಂಗಿಗೆ, ಅದು ನಿಜವಾದದ್ದಕ್ಕೆ ಒಂದಿಷ್ಟೂ ಖುಷಿಯಾಗಲಿಲ್ಲ.

ನರ್ಸ್ ಮೈದುನನ ಕಡೆ ತಿರುಗಿದಳು. "ನಿನ್ನ ಮೇಲೆ ಸುಮ್ಮನೆ ಗೂಬೆ ಕೂರಿಸಿದೆ. ತಪ್ಪಾಯ್ತಪ್ಪ."

"ಪರವಾಗಿಲ್ಲ ಅತ್ತಿಗೆ," ಎಂದ ಅವನು. ಇಷ್ಟು ದಿನದ ಮೇಲೆ ಮೊದಲ ಸಲ ಅವಳ ಮುಖ ನೋಡಿದ.

ಅಷ್ಟರಲ್ಲಿ ಫೋನು ರಿಂಗಾಯಿತು. ಗುಡ್ಡದ ಮೇಲಿನ ಕೂಸಿಗೆ ಮೈ ಬಿಸಿಯಾಗಿದೆ, ಬಂದು ನೋಡಬೇಕಂತೆ. ನರ್ಸ್ ಚೀಲ ಹೆಗಲಿಗೇರಿಸಿದಳು. ಅತ್ತೆ ಎದ್ದು ಬಾಗಿಲಲ್ಲಿ ನಿಂತರು, ಆಮೇಲೆ ಪಕ್ಕಕ್ಕೆ ಸರಿದರು. ಒಂದೇ ತಿರುವಿಗೆ ಇಂಜಿನ್ ಮೊರೆಯಿತು. ಆ ಸದ್ದು ಗುಡ್ಡದ ಕಡೆ ಕರಗುವ ತನಕ ಅತ್ತೆ ಗೇಟಿನ ಸರಳು ಹಿಡಿದೇ ನಿಂತಿದ್ದರು.