ಮೂರನೇ ನಿಮಿಷದಲ್ಲಿ ತೆಗೆದ ಮುಚ್ಚಳ

ಇಯರ್‌ಫೋನಿನಲ್ಲಿ ಬಿಂದುಶ್ರೀಗೆ ಮೊದಲು ಕೇಳಿಸಿದ್ದು ತನ್ನದೇ ನಗು.

ತುಮಕೂರಿನ ಬಿ.ಎಚ್. ರಸ್ತೆಯ ಮಹಡಿ ಮೇಲೆ, ಪೇಟೆಂಟ್ ಏಜೆಂಟ್ ಕೃಷ್ಣಕುಮಾರ್ ಅವರ ಆಫೀಸಿನಲ್ಲಿ ಆಗ ಅವಳೊಬ್ಬಳೇ ಇದ್ದಳು. ಅವರು ಊಟಕ್ಕೆ ಹೋಗಿದ್ದರು. ಚೆನ್ನೈನ ಪೇಟೆಂಟ್ ಕಚೇರಿಯಿಂದ ಚನ್ನೇಶನ ಅರ್ಜಿಯ ಪರೀಕ್ಷಾ ವರದಿ ಬಂದು ಅರ್ಧ ಗಂಟೆಯಾಗಿತ್ತು. ಎರಡು ವರ್ಷದಿಂದ ಕಾದಿದ್ದ ವರದಿ. ಗಾಡಿಯ ಹಿಂಬಾಗಿಲನ್ನು ಮೋಟರಿನಿಂದ ಎತ್ತಿ, ಎಲ್ಲಿ ಬೇಕೆಂದರೆ ಅಲ್ಲೇ ಹಿಡಿದು ನಿಲ್ಲಿಸುವ ಅವನ ಸಾಧನ ಹೊಸದಲ್ಲ, ಮುಂಚೆಯೇ ಲೋಕದಲ್ಲಿತ್ತು ಎನ್ನುವುದಕ್ಕೆ ಪರೀಕ್ಷಕರು ಮೂರು ಆಧಾರ ಕೊಟ್ಟಿದ್ದರು. ಮೊದಲನೆಯದು ಜಪಾನಿನವರದು, ಎರಡನೆಯದು ಜರ್ಮನಿಯವರದು. ಅವನ್ನು ಓದುತ್ತಲೇ ಬಿಂದುಶ್ರೀ ಜಗಳಕ್ಕೆ ಟೊಂಕ ಕಟ್ಟಿದ್ದಳು. ಅವೆರಡರಲ್ಲೂ ಬ್ಯಾಟರಿ ಸತ್ತರೆ ಬಾಗಿಲು ಕೆಳಗೆ ಬೀಳುತ್ತದೆ. ಚನ್ನೇಶನದು ಬೀಳುವುದಿಲ್ಲ.

ಮೂರನೆಯದು ಒಂದು ವಿಡಿಯೋ ಲಿಂಕು. ಒತ್ತಿದಳು. ಚೆಂಡುಹೂವಿನ ಹಾರ ಹಾಕಿದ ವ್ಯಾನು, ಚಕ್ರದ ಕೆಳಗೆ ನಿಂಬೆಹಣ್ಣು, ಬೂದಗುಂಬಳಕ್ಕೆ ಹಚ್ಚಿದ ಕುಂಕುಮ. ಆಮೇಲೆ ಆ ನಗು.

ವರದಿಯಲ್ಲಿ ಹೀಗೆ ಬರೆದಿತ್ತು: ಮೂರು ನಿಮಿಷ ಹನ್ನೆರಡನೇ ಸೆಕೆಂಡಿನಲ್ಲಿ, ಒಬ್ಬ ಮಹಿಳೆಯ ಕೋರಿಕೆಯ ಮೇರೆಗೆ, ಪ್ರದರ್ಶಕನು ಮುಚ್ಚಳ ತೆಗೆದು ಒಳಗಿನ ರಚನೆಯನ್ನು ಪೂರ್ಣವಾಗಿ ವಿವರಿಸುತ್ತಾನೆ.

ವಿಡಿಯೋದ ತಾರೀಖು ಅರ್ಜಿ ಹಾಕುವುದಕ್ಕೆ ಎರಡು ತಿಂಗಳು ಮುಂಚಿನದು. ಅದನ್ನು ನೆಟ್ಟಿಗೆ ಹಾಕಿದವರ ಹೆಸರು ಬಿಂದುಶ್ರೀ. ನೋಡಿದವರು ನಲವತ್ತಮೂರು.

ಅರ್ಜಿಗೆ ಮುಂಚೆ ಲೋಕಕ್ಕೆ ಕಂಡದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ತೋರಿಸಿದವನು ಕಂಡುಹಿಡಿದವನೇ ಆದರೂ ಸಿಗುವುದಿಲ್ಲ. ಈ ಮಾತನ್ನು ಆಫೀಸಿಗೆ ಬಂದವರಿಗೆಲ್ಲ ದಿನಕ್ಕೆರಡು ಸಲ ಹೇಳುವವಳು ಅವಳೇ.

*

ಚನ್ನೇಶನನ್ನು ಮೊದಲು ಕಂಡಾಗ ಅವಳಿಗೆ ಸಿಟ್ಟೇ ಬಂದಿತ್ತು. ಇಂಜಿನಿಯರಿಂಗ್ ಕಡೇ ವರ್ಷದ ಪ್ರಾಜೆಕ್ಟಿಗೆ ಒಂದು ಶಾಫ್ಟ್ ಬೇಕಾಗಿ, ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದು, ಅಂತರಸನಹಳ್ಳಿಯ ಶೆಡ್ಡುಗಳ ಸಾಲಿನಲ್ಲಿ ಅಲೆದು ಅವನ ಲೇತ್ ಮುಂದೆ ನಿಂತಿದ್ದಳು. ಅವನು ಡ್ರಾಯಿಂಗನ್ನು ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. ಮತ್ತೆ ತಿರುಗಿಸಿದ.

"ಮೇಡಮ್, ಇದನ್ನ ಮಾಡ್ಬಹುದು. ಆದ್ರೆ ಮಾಡಿದ್ಮೇಲೆ ಬೇರಿಂಗ್ ಹಾಕೋಕೆ ಇರುವೆಗೆ ಟ್ರೇನಿಂಗ್ ಕೊಡ್ಬೇಕಾಗುತ್ತೆ."

"ನಮ್ಮ ಗೈಡ್ ಓಕೆ ಮಾಡಿದಾರೆ."

"ಹಂಗಾದ್ರೆ ಗೈಡ್‌ನೇ ಕಳ್ಸಿ, ಅವರ ಕೈ ಹಿಡ್ಸುತ್ತಾ ನೋಡೋಣ."

ಅವಳು ಕಾಗದ ಕಿತ್ತುಕೊಂಡು ಹೊರಟಳು. ಮೂಲೆಯ ಟೀ ಅಂಗಡಿಯಲ್ಲಿ ನಿಂತು ಡ್ರಾಯಿಂಗ್ ಮತ್ತೆ ನೋಡಿದಳು. ಅವನು ಹೇಳಿದ್ದು ನಿಜವಾಗಿತ್ತು. ವಾಪಸು ಹೋದಾಗ ಅವನು ಪೆನ್ಸಿಲ್ ಮುಂದೆ ಇಟ್ಟ. ಕಣ್ಣಂಚಿನಲ್ಲಿ ಮಾತ್ರ ನಗು ಉಳಿಸಿಕೊಂಡಿದ್ದ.

ನಿಟ್ಟೂರಿನವನು. ಐಟಿಐ ಓದಿದವನು. ತಾಯಿ ಗಂಗಾಂಬಿಕೆ ಸೇವಂತಿಗೆ, ಕನಕಾಂಬರ ತುಂಬಿಕೊಂಡು ತುಮಕೂರಿನ ಹೂವಿನ ಮಾರ್ಕೆಟ್ಟಿಗೆ ಬರುವ ಹೆಂಗಸು. ಒಂದು ದಿನ ತಲೆ ಮೇಲೆ ಬುಟ್ಟಿ, ಎರಡೂ ಕೈ ಬುಟ್ಟಿಗೆ. ಮೇಲೆತ್ತಿದ್ದ ವ್ಯಾನಿನ ಹಿಂಬಾಗಿಲು ಸರ್ರನೆ ಇಳಿದು ಹೆಗಲ ಮೂಳೆ ಮುರಿಯಿತು. ಕೂಡಿಕೊಂಡ ಮೂಳೆ ಸೊಟ್ಟಗೇ ಕೂಡಿತು. ಅವತ್ತಿನಿಂದ ಚನ್ನೇಶ ಆ ಬಾಗಿಲಿನ ಹಿಂದೆ ಬಿದ್ದ. ಏಳು ವರ್ಷ. ಕೆಟ್ಟುಹೋದ ಎಂಟು ಸಾಧನಗಳು ಶೆಡ್ಡಿನ ಹಲಗೆ ಮೇಲೆ ಸಾಲಾಗಿ ಕೂತಿದ್ದವು. ಒಂಬತ್ತನೆಯದು ಕೆಲಸ ಮಾಡಿತು.

ಆ ವರ್ಷದ ಆಯುಧಪೂಜೆಗೆ ಬಿಂದುಶ್ರೀ ಬಂದಿದ್ದಳು. ಪೂಜೆ ಮುಗಿದು ಪುರಿ, ಕಡಲೆ ಹಂಚುವಾಗ ಅವನು ಬಟನ್ ಒತ್ತಿದ. ಹಾರ ಹೊತ್ತ ಬಾಗಿಲು ತಾನಾಗಿಯೇ ಎದ್ದಿತು. ಬ್ಯಾಟರಿ ತಂತಿ ಕಿತ್ತ. ಬಾಗಿಲು ನಡುವೆಯೇ ನಿಂತಿತು, ಅಲ್ಲಾಡಲಿಲ್ಲ. ಅವಳು ಫೋನ್ ಹಿಡಿದು ನಗುತ್ತಿದ್ದಳು. ಆಮೇಲೆ ಕೇಳಿದಳು:

"ಒಳಗೇನಿದೆ? ತೋರ್ಸಿ."

ಅದುವರೆಗೆ ಅವನು ಯಾರಿಗೂ ಮುಚ್ಚಳ ತೆಗೆದು ತೋರಿಸಿರಲಿಲ್ಲ. ಪಕ್ಕದ ಶೆಡ್ಡಿನ ಕದರಯ್ಯ ಎಷ್ಟು ಸಲ ಕೇಳಿದರೂ "ಒಳಗೆ ದೇವ್ರವ್ನೆ ಬುಡಣ್ಣ" ಎಂದು ಸಾಗಹಾಕಿದ್ದ. ಅವಳು ಕೇಳಿದಳು ಎಂದು ನಾಲ್ಕು ಸ್ಕ್ರೂ ಬಿಚ್ಚಿದ.

"ಹಾಕ್ಲಾ ಇದನ್ನ?" ಎಂದು ಅವಳು ಕೇಳಿದ್ದು ಫೋನ್ ಆಫ್ ಮಾಡಿದ ಮೇಲೆ.

"ಹಾಕು. ನೋಡ್ಲಿ ಎಲ್ರೂ" ಎಂದಿದ್ದ ಅವನು.

ಅಂತರಸನಹಳ್ಳಿಯಲ್ಲಿ ಅವತ್ತು ಪೂಜೆಯ ವಿಡಿಯೋ ಹಾಕದ ಶೆಡ್ಡು ಒಂದೂ ಇರಲಿಲ್ಲ. ಎರಡು ತಿಂಗಳಾದ ಮೇಲೆ, ಪೇಟೆಂಟ್ ಮಾಡಿಸಿ ಎಂದು ಅವನನ್ನು ಈ ಆಫೀಸಿಗೆ ಕರೆತಂದವಳೂ ಅವಳೇ. "ಯಾರಿಗಾದ್ರೂ ತೋರ್ಸಿದೀರೇನಪ್ಪ?" ಎಂದು ಕೃಷ್ಣಕುಮಾರ್ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡು, "ಇಲ್ಲ ಸಾರ್" ಎಂದಿದ್ದರು. ಸುಳ್ಳು ಹೇಳುತ್ತಿದ್ದೇವೆಂದು ಇಬ್ಬರಿಗೂ ಅನಿಸಿರಲಿಲ್ಲ. ಪೂಜೆ ಮಾಡಿದ್ದನ್ನು ತೋರಿಸಿದ್ದು ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಕೋರ್ಸು ಮುಗಿದ ಮೇಲೆ ಅವಳು ಅದೇ ಆಫೀಸಿಗೆ ಕೆಲಸಕ್ಕೆ ಸೇರಿದಳು.

*

ಉತ್ತರ ಕೊಡಲು ಆರು ತಿಂಗಳು. ಅದು ಮುಗಿಯುತ್ತ ಬರುವವರೆಗೂ ಅವಳು ಮೂರನೇ ಆಧಾರದ ಮಾತನ್ನು ಅವನಿಗೆ ಹೇಳಲಿಲ್ಲ.

ಭಾನುವಾರಗಳಲ್ಲಿ ಶೆಡ್ಡಿಗೆ ಹೋಗುತ್ತಿದ್ದಳು. ಜಪಾನಿನ ಕಾಗದ, ಜರ್ಮನಿಯ ಕಾಗದ ಹರಡಿಕೊಂಡು ಇಬ್ಬರೂ ಉತ್ತರ ಬರೆಯುತ್ತಿದ್ದರು. ಅವನು ಎಣ್ಣೆಗೈಯನ್ನು ಕಾಗದಕ್ಕೆ ತಾಗಿಸದೆ ದೂರದಿಂದಲೇ ತೋರಿಸುತ್ತಿದ್ದ.

"ಈ ಜರ್ಮನಿಯೋನಿಗೆ ನಮ್ಮವ್ವನಂಥ ಅವ್ವ ಇರ್ಲಿಲ್ಲ. ಇದ್ದಿದ್ರೆ ಹಿಂಗೆ ಮಾಡ್ತಿರ್ಲಿಲ್ಲ."

"ಹಾಗೇ ಬರೀಲಾ?"

"ಬರಿ. ಇಂಗ್ಲಿಷಲ್ಲಿ ಸ್ವಲ್ಪ ಮರ್ಯಾದೆಯಾಗಿ ಬರಿ."

ಅವಳು ನಕ್ಕು, ನಗುತ್ತಲೇ ತಲೆ ಬಗ್ಗಿಸುತ್ತಿದ್ದಳು. ಮೂರನೇ ಕಾಗದ ಬ್ಯಾಗಿನಲ್ಲಿ ಮಡಿಸಿಟ್ಟ ಹಾಗೇ ಇರುತ್ತಿತ್ತು. ಅವನಿಗೆ ಅವಳ ಮೌನ ಬೇರೆಯದೇ ಆಗಿ ಕಾಣುತ್ತಿತ್ತು.

"ಯಾಕೆ ಸಪ್ಪಗಿದೀಯ? ಪೀಣ್ಯದ ಕಂಪನಿಯೋರು ಪೇಟೆಂಟ್ ಬಂದ ತಕ್ಷಣ ಮಾಡೋಕೆ ಶುರು ಮಾಡ್ತೀವಿ ಅಂದವ್ರೆ. ಸರ್ಟಿಫಿಕೇಟ್ ಬಂದ ಮಾರನೇ ದಿನ ಕುಣಿಗಲ್‌ಗೆ ಬಂದು ನಿಮ್ಮಪ್ಪನ್ನ ಮಾತಾಡ್ಸೋನು ನಾನು. ಶರ್ಟ್ ಕೂಡ ತಗೊಂಡಿಟ್ಟಿದೀನಿ."

"ಯಾವ ಬಣ್ಣ?"

"ನೋಡಿದ ದಿನ ಗೊತ್ತಾಗುತ್ತೆ."

ಅವತ್ತು ಕುಣಿಗಲ್ ಬಸ್ಸಿನಲ್ಲಿ ಅವಳು ಹೆಬ್ಬೂರು ದಾಟುವವರೆಗೂ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಪಕ್ಕದ ಹೆಂಗಸು ವಾಂತಿ ಬರುತ್ತಿದೆಯೇನೋ ಎಂದು ನಿಂಬೆಹಣ್ಣು ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದು ಬಿಂದುಶ್ರೀ ಮತ್ತಷ್ಟು ಅತ್ತಳು.

ದಾರಿ ತೋರಿಸಿದವರು ಕೃಷ್ಣಕುಮಾರ್. "ಒಂದೇ ಒಂದು ಸಂದು ಇದೆ ಕಣಮ್ಮಾ. ಅವನ ಒಪ್ಪಿಗೆ ಇಲ್ಲದೆ ಬೇರೆಯವರು ಬಹಿರಂಗ ಮಾಡಿದ್ರೆ ಕಾನೂನು ಅವನನ್ನ ಕಾಯುತ್ತೆ. ಅವನು ಅಫಿಡವಿಟ್ ಕೊಡ್ಬೇಕು. ಆದ್ರೆ ನಿನ್ನ ಹೆಸರು ಬರುತ್ತೆ. ನೀನು ನಾಳೆ ಏಜೆಂಟ್ ಪರೀಕ್ಷೆ ಬರಿಯೋಳು. ನಂಬಿದವನ ಗುಟ್ಟನ್ನ ಬಯಲು ಮಾಡ್ದೋಳು ಅಂತ ದಾಖಲೇಲಿ ಉಳಿಯುತ್ತೆ." ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿಜ ಹೇಳು. ಅವನು ಹಾಕು ಅಂದಿದ್ನಾ?"

"ಇಲ್ಲ ಸಾರ್" ಎಂದಳು ಬಿಂದುಶ್ರೀ. ಈ ಸಲ ಸುಳ್ಳು ಎಂದು ಗೊತ್ತಿದ್ದೇ ಹೇಳಿದಳು.

*

ಅಫಿಡವಿಟ್ಟನ್ನು ಅವಳೇ ಟೈಪ್ ಮಾಡಿದಳು. ಚೆನ್ನೈಗೆ ಇಂಗ್ಲಿಷಿನಲ್ಲಿ ಒಂದು, ಅವನು ಓದಿ ತಿಳಿಯಲೆಂದು ಕನ್ನಡದಲ್ಲಿ ಒಂದು. ಗಡುವಿಗೆ ಎರಡು ದಿನ ಉಳಿದಿದ್ದಾಗ ಅವನನ್ನು ಗುಬ್ಬಿಗೆ ಕರೆದಳು. ತಾಲ್ಲೂಕು ಕಚೇರಿ ಎದುರಿನ ಬೇವಿನಮರದ ಕಟ್ಟೆ ಮೇಲೆ ಕೂರಿಸಿ, ವರದಿಯ ಮೂರನೇ ಆಧಾರವನ್ನು ಕೈಗಿಟ್ಟಳು. ಎಲ್ಲವನ್ನೂ ಹೇಳಿದಳು. ಒಂದೇ ಉಸಿರಿಗೆ ಹೇಳಿದಳು, ನಡುವೆ ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗದೆಂಬಂತೆ.

ಅವನು ಕಾಗದವನ್ನು ಮಡಿಸಿ ಅವಳಿಗೇ ವಾಪಸು ಕೊಟ್ಟ. ಆಮೇಲೆ ಕೇಳಿದ್ದು ಇಷ್ಟೆ: "ಎಲ್ಲಿ, ಹಾಕು ಆ ವಿಡಿಯೋ."

ಮೂರು ಸಲ ನೋಡಿದ.

"ಇದ್ರಲ್ಲಿ ನೀನು ಕಾಣೋದೇ ಇಲ್ವಲ್ಲ."

"ಫೋನ್ ಹಿಡ್ಕೊಂಡಿದ್ದೋಳು ನಾನಲ್ವಾ."

"ಅದಕ್ಕೇ ನೋಡು." ಬೆರಳಿನಿಂದ ಚಿತ್ರ ನಿಲ್ಲಿಸಿ ತೋರಿಸಿದ. ಪರದೆಯ ಮೇಲಿನ ಚನ್ನೇಶನ ಕೈ ಸ್ಕ್ರೂ ಬಿಚ್ಚುತ್ತಿತ್ತು. ಕಣ್ಣು ಸ್ಕ್ರೂ ಮೇಲೆ ಇರಲಿಲ್ಲ. ಫೋನಿನ ಆಚೆಗಿದ್ದವಳ ಮೇಲೆ ಇತ್ತು. "ಒಂದ್ಸಲಾನಾದ್ರೂ ಮೆಷಿನ್ ಕಡೆ ನೋಡಿದೀನಾ? ಚೆನ್ನೈನಲ್ಲಿ ಕೂತಿರೋ ಪುಣ್ಯಾತ್ಮ ಇದನ್ನೂ ನೋಡಿರ್ತಾನೆ."

"ಚನ್ನೇಶ್, ಸೈನ್ ಮಾಡಿ. ದಮ್ಮಯ್ಯ. ನೋಟರಿ ಕಾಯ್ತಿದಾರೆ."

ನೋಟರಿ ರಂಗಣ್ಣ ಮರದ ಆಚೆ ಬದಿಗೆ ಮೇಜು ಹಾಕಿಕೊಂಡು ಕೂತಿದ್ದ ವಯಸ್ಸಾದ ವಕೀಲರು. "ಓದ್ಬುಟ್ಟು ಸೈನ್ ಹಾಕಪ್ಪ. ಗಟ್ಟಿಯಾಗಿ ಓದು, ನಂಗೂ ಕೇಳಿಸ್ಲಿ" ಎಂದರು.

ಚನ್ನೇಶ ಓದಿದ. "ನಿಟ್ಟೂರು ವಾಸಿ ಚನ್ನೇಶ್ ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ಬಿಂದುಶ್ರೀ ಎಂಬುವವರು ನನ್ನ ನಂಬಿಕೆಯನ್ನು ದುರುಪಯೋಗ ಮಾಡಿಕೊಂಡು, ನನಗೆ ತಿಳಿಯದಂತೆ, ನನ್ನ ಒಪ್ಪಿಗೆ ಇಲ್ಲದೆ..."

ನಿಲ್ಲಿಸಿದ.

"ಯಾರಪ್ಪಾ ಆ ಬಿಂದುಶ್ರೀ? ಭಾರೀ ಖದೀಮಳು ಇದ್ದಂಗವಳೆ" ಎಂದರು ರಂಗಣ್ಣ.

"ಇವ್ರೇ ಸಾರ್. ಇದನ್ನ ಬರ್ಕೊಂಡು ಬಂದೋರೂ ಇವ್ರೇ."

ರಂಗಣ್ಣ ಸೀಲನ್ನು ಕೆಳಗಿಟ್ಟು ಇಬ್ಬರನ್ನೂ ಒಂದು ಸಲ ನೋಡಿದರು.

"ಸುಳ್ಳಲ್ವಾ ಇದು ಬಿಂದು?" ಚನ್ನೇಶನ ದನಿ ಮೆತ್ತಗಿತ್ತು. "ನಾನೇ ಹಾಕು ಅಂದಿದ್ನಲ್ಲ."

"ಯಾರೂ ಕೇಳಿಸ್ಕೊಂಡಿಲ್ಲ. ಅದು ವಿಡಿಯೋದಲ್ಲಿಲ್ಲ."

"ನಾನು ಕೇಳಿಸ್ಕೊಂಡಿದೀನಲ್ಲ."

"ಏಳು ವರ್ಷ ಕಣೋ ಚನ್ನೇಶ!" ಅವಳ ಬಾಯಲ್ಲಿ ಮೊದಲ ಸಲ ಏಕವಚನ ಬಂದಿತ್ತು. ಅದು ಇಬ್ಬರಿಗೂ ತಿಳಿಯಿತು. "ಎಂಟು ಮೆಷಿನ್ನು. ನಿಮ್ಮವ್ವನ ಹೆಗಲು. ಒಂದು ಸೈನಿಗೆ ಎಲ್ಲ ಉಳಿಯುತ್ತೆ. ನನ್ನ ಹೆಸರು ಹೋದ್ರೆ ಹೋಗ್ಲಿ. ನೀನು ಸೈನ್ ಮಾಡ್ದಿದ್ರೆ ನಾನು ನಿನ್ನ ಮುಖ ಹೆಂಗೆ ನೋಡ್ಲಿ?"

"ಮಾಡಿದ್ರೆ ನಾನು ನಿನ್ನ ಮುಖ ಹೆಂಗೆ ನೋಡ್ಲಿ?"

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡ. ಎಣ್ಣೆಯ ಗೆರೆಗಳು ಉಳಿದಿದ್ದ ಬೆರಳು. ದುರುಪಯೋಗ ಎಂಬ ಸಾಲನ್ನು ಉದ್ದಕ್ಕೆ ಹೊಡೆದ. ತಿಳಿಯದಂತೆ ಎಂಬುದನ್ನು ಹೊಡೆದ. ಇಲ್ಲದೆ ಎಂಬುದನ್ನು ಹೊಡೆದು ಮೇಲೆ ಬರೆದ. ಕೆಳಗೆ ಸಹಿ ಹಾಕಿ, ಕಾಗದವನ್ನು ರಂಗಣ್ಣನವರ ಕಡೆ ತಿರುಗಿಸಿದ.

ರಂಗಣ್ಣ ಓದಿದರು. "'ನಾನೇ ಮುಚ್ಚಳ ತೆಗೆದು ತೋರಿಸಿ, ನನ್ನ ಪೂರ್ತಿ ಒಪ್ಪಿಗೆಯಿಂದ.' ಅಲ್ಲಪ್ಪ, ಇದ್ರಿಂದ ನಿಂಗೇನು ಬಂತು?"

"ಏನೂ ಇಲ್ಲ ಸಾರ್. ಸೀಲ್ ಹಾಕಿ."

ಅವರು ಸೀಲ್ ಒತ್ತಿದರು. ಹಣ ತೆಗೆದುಕೊಳ್ಳಲಿಲ್ಲ.

*

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಇಬ್ಬರೂ ಒಂದೇ ಕಲ್ಲುಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು.

"ಪೀಣ್ಯದೋರು?" ಎಂದಳು.

"ಇನ್ನು ನನ್ ಹತ್ರ ಕೊಳ್ಳೋದೇನಿದೆ? ವಿಡಿಯೋ ನೋಡ್ಕೊಂಡು ಅವ್ರೇ ಮಾಡ್ಕೋತಾರೆ. ಯಾರ್ ಬೇಕಾದ್ರೂ ಮಾಡ್ಕೋಬಹುದು. ಹೊಸೂರಲ್ಲಿ ಲೇತ್ ಮೇಲೆ ಟರ್ನರ್ ಕೆಲ್ಸ ಇದೆ ಅಂತ ಕದರಯ್ಯಣ್ಣ ಹೇಳ್ತಿದ್ರು. ಶೆಡ್ ಬಿಡ್ತೀನಿ."

"ನಾನೂ ಬರ್ತೀನಿ ಅಂದ್ರೆ?"

ಅವನು ಆ ಮಾತಿಗಾಗಿ ಎರಡು ವರ್ಷ ಕಾದವನ ಹಾಗೆ ಅವಳ ಕಡೆ ತಿರುಗಿದ. ತಿರುಗಿ, ಅವಳ ಮುಖ ಕಂಡು, ನಿಧಾನಕ್ಕೆ ತಲೆ ಅಲ್ಲಾಡಿಸಿದ.

"ಬಂದ್ರೆ ತೀರಿಸೋಕೆ ಬರ್ತೀಯ. ಜೀವನ ಪೂರ್ತಿ ತಪ್ಪು ಒಪ್ಕೊಂಡು ಅನ್ನ ಬಡಿಸ್ತೀಯ. ಅದು ನಂಗೆ ಬ್ಯಾಡ ಕಣೇ. ನೀನು ಫೋನ್ ಹಿಡ್ಕೊಂಡು ನಗ್ತಿದ್ಯಲ್ಲ, ಅವಳು ಬೇಕಿತ್ತು ನಂಗೆ."

ಅವಳು ಅವತ್ತಿನ ಹಾಗೆ ನಗಲು ಹೋದಳು. ಆಗಲಿಲ್ಲ.

ಬಸ್ಸು ಹೊರಟಾಗ ಕಿಟಕಿಯಿಂದ ಕೇಳಿದಳು: "ಶರ್ಟ್ ಯಾವ ಬಣ್ಣ?"

ಅವನು ಏನೋ ಹೇಳಿದ. ಇಂಜಿನಿನ ಸದ್ದಿನಲ್ಲಿ ಕೇಳಿಸಲಿಲ್ಲ.

*

ಚೆನ್ನೈಗೆ ಉತ್ತರ ಹೋಗಲೇ ಇಲ್ಲ. ಗಡುವು ಮುಗಿದ ಮೇಲೆ, ಅರ್ಜಿ ಕೈಬಿಟ್ಟಿದ್ದಾಗಿ ಪರಿಗಣಿಸಲಾಗಿದೆ ಎಂಬ ಸಾಲು ಕಂಪ್ಯೂಟರಿನಲ್ಲಿ ಕಾಣಿಸಿತು. ಬಿಂದುಶ್ರೀ ಆ ವಿಡಿಯೋವನ್ನಾದರೂ ಅಳಿಸಿಬಿಡೋಣ ಎಂದು ತೆರೆದಳು. ಆರು ತಿಂಗಳ ಹಿಂದೆ ನಲವತ್ತಮೂರು ಇದ್ದ ನೋಟಗಳು ಈಗ ಅರವತ್ತು ಆಗಿದ್ದವು. ಅಳಿಸುವ ಬಟನ್ ಮೇಲೆ ಬೆರಳಿಟ್ಟವಳು ನಾಳೆ ನೋಡೋಣ ಎಂದು ಬಿಟ್ಟಳು.

ಮಾರನೇ ದಿನ ಅರವತ್ತೊಂದು. ಅದರ ಮಾರನೇ ದಿನ ಅರವತ್ತೆರಡು. ದಿನಕ್ಕೊಂದೇ. ಭಾನುವಾರ ಮಾತ್ರ ಎರಡು.

ಕುಣಿಗಲ್ ಬಸ್ಸಿನಲ್ಲಿ ಕೂತಾಗಲೆಲ್ಲ ಅವಳು ಆ ಅಂಕಿಯನ್ನು ನೋಡುತ್ತಾಳೆ. ತಾನು ಮಾತ್ರ ಪ್ಲೇ ಒತ್ತುವುದಿಲ್ಲ. ಒತ್ತಿದರೆ ಅಂಕಿ ಏರುತ್ತದೆ. ಆಮೇಲೆ ಯಾವುದು ಅವನದು ಎಂದು ತಿಳಿಯುವುದಿಲ್ಲ.